ಸತ್ಯಾಂಶ: ಮೂರು ತಿಂಗಳ ಕೋರ್ಸ್ ಮಾಡಿದರೆ ಸ್ಪೀಚ್ ಥೆರಪಿಸ್ಟ್ ಆಗಬಹುದಾ?

"ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿ, ಮನೆಯಲ್ಲೇ ಸ್ಪೀಚ್ ಥೆರಪಿ ಕ್ಲಿನಿಕ್ ತೆರೆಯಿರಿ, ಮಕ್ಕಳಿಂದ ಪದ ಹೇಳಿಸಿದರೆ ಸಾಕು" ಅನ್ನುವಂಥ ಮೆಸೇಜ್‌ಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿರುತ್ತವೆ. ಇದು ನಿಜವಲ್ಲ.

ಮಾತಿನ, ನುಂಗುವಿಕೆಯ ತೊಂದರೆಗೆ ಚಿಕಿತ್ಸೆ ಕೊಡುವವರೇ ಸ್ಪೀಚ್ ಥೆರಪಿಸ್ಟ್. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಬಿಎಎಸ್‌ಎಲ್‌ಪಿ, ಅಂದರೆ ಮಾತು ಮತ್ತು ಶ್ರವಣ ಚಿಕಿತ್ಸೆಯ ಪದವಿ ಬೇಕು. ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಮುಂದೆ ಓದುವುದಾದರೆ ಎಂಎಸ್ಸಿ ಎರಡು ವರ್ಷ. 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯೂ ಆಗಬೇಕು. ಒಂದು ವರ್ಷದ ಡಿಪ್ಲೊಮಾ ಇದೆ, ಆದರೆ ಅದು ಸಹಾಯಕರ ಕೆಲಸಕ್ಕೆ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಡಿಪ್ಲೊಮಾದಿಂದ ಪಿಎಚ್‌ಡಿವರೆಗೂ ಓದಬಹುದು.

ಇಷ್ಟು ವರ್ಷ ಯಾಕೆ ಅಂತೀರಾ? ಒಂದು ಮಗು "ಕಾಗೆ"ಗೆ "ತಾಗೆ" ಅನ್ನುತ್ತದೆ ಅಂದುಕೊಳ್ಳಿ. ಅದು ಆ ವಯಸ್ಸಿಗೆ ಸಹಜವೋ, ಕಿವಿ ಸರಿಯಾಗಿ ಕೇಳುತ್ತಿಲ್ಲವೋ, ಅಂಗುಳಲ್ಲಿ ತೊಂದರೆಯೋ, ನಾಲಿಗೆಯ ಹಿಂಭಾಗ ಮೇಲೇಳುತ್ತಿಲ್ಲವೋ, ಇದನ್ನೆಲ್ಲ ನೋಡದೆ ಸುಮ್ನೆ "ಕ ಅನ್ನು, ಕ ಅನ್ನು" ಅಂತ ಹಿಂದೆ ಬಿದ್ದರೆ ಮಗು ಬೇಜಾರಾಗಿ ಮಾತಾಡುವುದನ್ನೇ ಕಡಿಮೆ ಮಾಡಬಹುದು, ಅಲ್ವಾ?

ಬರೀ ಮಕ್ಕಳಲ್ಲ, ಪಾರ್ಶ್ವವಾಯು ಆದವರೂ ಬರುತ್ತಾರೆ. ಕೆಲವರಿಗೆ ಮಾತು ಹೋಗಿರುತ್ತದೆ, ಕೆಲವರಿಗೆ ನುಂಗುವುದೇ ಕಷ್ಟ. ಕುಡಿದ ನೀರು ಕೆಮ್ಮೂ ಬರಿಸದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಇದನ್ನು ಗುರುತಿಸುವುದು ವಿಡಿಯೊ ನೋಡಿ ಬರುವ ವಿದ್ಯೆಯಲ್ಲ. ಅನುಭವ ಇದ್ದವರು ಪಕ್ಕದಲ್ಲಿ ನಿಂತು ತಿದ್ದಬೇಕು.

ಅಮೆರಿಕದಲ್ಲಂತೂ ಮಾಸ್ಟರ್ಸ್ ಬೇಕೇ ಬೇಕು. ಅಲ್ಲಿನ ವೃತ್ತಿ ಸಂಘದ ಪ್ರಮಾಣಪತ್ರಕ್ಕೆ ಓದುವಾಗಲೇ 400 ಗಂಟೆಗಳ ಕ್ಲಿನಿಕ್ ಅನುಭವ ಆಗಿರಬೇಕು.

ಮಗುವನ್ನು ಯಾರ ಹತ್ತಿರವಾದರೂ ಕರೆದುಕೊಂಡು ಹೋಗುವ ಮುಂಚೆ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಸಂಕೋಚ ಬೇಡ.