ಒಂದು ಕೀ ಕೈಯಲ್ಲಿರುವಾಗಲೇ ಇನ್ನೊಂದು ಮಾಡಿಸಿಟ್ಟುಕೊಳ್ಳಿ

ಮಳೆಗಾಲ ಶುರುವಾದರೆ ಕೊಡಗಿನಲ್ಲಿ ಕಾರಿನ ಕೀ ಕಳೆಯುವುದೂ ಜಾಸ್ತಿ, ನೆನೆದು ಕೆಡುವುದೂ ಜಾಸ್ತಿ. ರೈನ್‌ಕೋಟಿನ ಜೇಬಿನಿಂದ ಜಾರಿ ಕಾಫಿ ಗಿಡದ ಬುಡದ ತರಗೆಲೆಯೊಳಗೆ ಬಿದ್ದರೆ ಮುಂದಿನ ಕೊಯ್ಲಿಗೆ ಸಿಕ್ಕೀತು, ಅಷ್ಟೇ. ಆದರೂ ಎರಡರಲ್ಲಿ ಒಂದು ಕೀ ಹೋದಾಗ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ತಲೆಕೆಡಿಸಿಕೊಳ್ಳಬೇಕಾದ್ದು ಆಗಲೇ. ಒಂದು ಕೀ ಇದ್ದರೆ ಇದು ಅಂಗಡಿಯ ಕೆಲಸ, ಒಂದೂ ಇಲ್ಲದಿದ್ದರೆ ಟೋಯಿಂಗ್ ಕೆಲಸ.

ಕಾರ್ಬೊರೇಟರ್ ಕಾಲದ ಮಾರುತಿ 800, ಹಳೇ ಜೀಪು ಇಟ್ಟುಕೊಂಡವರಿಗೆ ಈ ತಾಪತ್ರಯವಿಲ್ಲ, ಅವುಗಳ ಕೀಯಲ್ಲಿ ಚಿಪ್ಪೇ ಇಲ್ಲ. ಕೀ ಕಟ್ ಮಾಡಿಸಿದರೆ ಮುಗಿಯಿತು.

ಉಳಿದವರ ವಿಷಯಕ್ಕೆ ಬರೋಣ. ‘ಕೀ ಪ್ರೋಗ್ರಾಮಿಂಗ್’ ಅನ್ನುವುದರಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ, ದರವನ್ನೂ ಮೂರಕ್ಕೂ ಬೇರೆ ಬೇರೆಯಾಗಿ ಕೇಳಿ. ಮೊದಲನೆಯದು ಬ್ಲೇಡ್ ಕಟ್ಟಿಂಗ್, ಅಂದರೆ ಕೀಯ ಲೋಹದ ಅಲಗನ್ನು ಲಾಕಿಗೆ ಹೊಂದುವಂತೆ ಕತ್ತರಿಸುವುದು. ಎರಡನೆಯದು ಕೀಯೊಳಗಿನ ಚಿಪ್ಪನ್ನು ಗಾಡಿಯ ಇಮೊಬಿಲೈಜರಿಗೆ, ಅಂದರೆ ಗುರುತಿಲ್ಲದ ಕೀಗೆ ಎಂಜಿನ್ ಹತ್ತಗೊಡದ ವ್ಯವಸ್ಥೆಗೆ, ಪರಿಚಯಿಸುವುದು. ಮೂರನೆಯದು ಬಾಗಿಲು ತೆರೆಯುವ ರಿಮೋಟ್. ಚಿಪ್ಪಿಗೆ ಸೆಲ್ ಬೇಕಿಲ್ಲ. ಇಗ್ನಿಷನ್ ಸುತ್ತ ಇರುವ ಆಂಟೆನಾ ಸುರುಳಿಯೇ ಅದಕ್ಕೆ ಶಕ್ತಿ ಕೊಟ್ಟು ಓದುತ್ತದೆ. ರಿಮೋಟಿಗೆ ಮಾತ್ರ ಸೆಲ್ ಬೇಕು. ಹಾಗಾಗಿ ಬಾಗಿಲು ತೆರೆಯದೆ ಎಂಜಿನ್ ಸ್ಟಾರ್ಟ್ ಆಗುತ್ತಿದ್ದರೆ ಮೊದಲು ಸೆಲ್ ಬದಲಿಸಿ, ಕೀ ಬದಲಿಸಬೇಡಿ. ಬಾಗಿಲು ತೆರೆದು, ಎಂಜಿನ್ ತಿರುಗಿಯೂ ಹತ್ತದಿದ್ದರೆ, ಅಥವಾ ಹತ್ತಿದ ಕೂಡಲೇ ಆರಿ ಮೀಟರಿನಲ್ಲಿ ಕೀ ಗುರುತಿನ ದೀಪ ಮಿನುಗುತ್ತಿದ್ದರೆ ಚಿಪ್ಪಿನ ಕಡೆ ನೋಡಿ. ಒಂದೇ ರಿಂಗಿನಲ್ಲಿ ಎರಡು ಚಿಪ್ ಕೀ ಸಿಕ್ಕಿಸಿದ್ದರೂ ಹೀಗಾಗಬಹುದು, ಒಂದು ಇನ್ನೊಂದರ ಓದಿಗೆ ಅಡ್ಡ ಬರುತ್ತದೆ.

ಆನ್‌ಲೈನಿನಲ್ಲಿ ಬರೀ ಶೆಲ್, ಅಂದರೆ ಕೀಯ ಪ್ಲಾಸ್ಟಿಕ್ ಹೊರಕವಚ, ತರಿಸಿ ಬದಲಿಸುವವರು ಜೋಪಾನ. ಹಲವು ಕೀಗಳಲ್ಲಿ ಚಿಪ್ ಅನ್ನುವುದು ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ತುಂಡು. ರಿಮೋಟ್ ಬೋರ್ಡಿನಿಂದ ಬೇರೆಯಾಗಿ, ಹಳೇ ಪ್ಲಾಸ್ಟಿಕ್ಕಿನ ಮೂಲೆಯ ಒಂದು ಪುಟ್ಟ ಗೂಡಿನಲ್ಲಿ ಕೂತಿರುತ್ತದೆ. ಬೋರ್ಡ್ ಮಾತ್ರ ತೆಗೆದು ಹಳೇ ಶೆಲ್ ಎಸೆದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಕೆಲವದರಲ್ಲಿ ಚಿಪ್ ಬೋರ್ಡಿನ ಮೇಲೇ ಇರುತ್ತದೆ, ಆಗ ಚಿಂತೆಯಿಲ್ಲ. ನೆನೆದ ಕೀಯನ್ನು ಅಕ್ಕಿ ಡಬ್ಬದಲ್ಲಿ ಹೂಳುವುದೂ ಬೇಡ, ಒಳಗೆ ಅಕ್ಕಿ ಧೂಳು ಸೇರುವುದಷ್ಟೇ ಲಾಭ. ತಕ್ಷಣ ಬಿಚ್ಚಿ, ಸೆಲ್ ತೆಗೆದು, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಮೆತ್ತನೆ ಬ್ರಷ್ಷಿನಿಂದ ಒರೆಸಿ ಒಣಗಿಸಿ. ಸೆಲ್ಲಿನ ತಗಡಿನ ಮೇಲೆ ಹಸಿರು ಕಟ್ಟಿದ್ದರೆ ರೋಗ ಅಲ್ಲೇ ಇದೆ.

ಪ್ರೋಗ್ರಾಮಿಂಗಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಕೀಗಳನ್ನೂ ಒಯ್ಯಿರಿ. ಹಲವು ಗಾಡಿಗಳಲ್ಲಿ ಹೊಸ ಕೀ ಸೇರಿಸುವಾಗ ಹಳೇ ನೋಂದಣಿ ಅಳಿಸಿಹೋಗುತ್ತದೆ. ಎದುರಿಗಿಲ್ಲದ ಕೀ ಆಮೇಲೆ ಬರೀ ಬಾಗಿಲು ತೆರೆಯಲು. ಆರ್‌ಸಿ, ಗುರುತಿನ ಚೀಟಿ ಕೇಳದೆ ಕೀ ಮಾಡಿಕೊಡುವವನ ಹತ್ತಿರ ಹೋಗಲೇಬೇಡಿ, ನಿಮ್ಮ ಗಾಡಿಗೆ ಬೇರೆಯವರಿಗೂ ಅವನು ಹಾಗೇ ಮಾಡಿಕೊಟ್ಟಾನು. ಬ್ಯಾಟರಿ 12.5 ವೋಲ್ಟ್ ಆಸುಪಾಸು ಇರಲಿ. ಜುಲೈ ಮಳೆಯಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯಾದರೆ ಮೊದಲು ಚಾರ್ಜ್ ಮಾಡಿಸಿ. ಕೀ ನೋಂದಾಯಿಸುವ ಸ್ಕ್ಯಾನರ್ ಯಂತ್ರ ಬರೆಯುತ್ತಿರುವಾಗ ವೋಲ್ಟೇಜ್ ಕುಸಿದರೆ ಕೀ ಜೊತೆಗೆ ಗಾಡಿಯ ಎಲೆಕ್ಟ್ರಾನಿಕ್ ಮಾಡ್ಯೂಲೂ ಕೆಡಬಹುದು. ಹೆಡ್‌ಲೈಟ್, ಎಸಿ ಆಫ್. ಪಿನ್, ಅಂದರೆ ಆ ಗಾಡಿಯ ಇಮೊಬಿಲೈಜರಿನ ಗುಟ್ಟಿನ ಸಂಖ್ಯೆ, ಗೊತ್ತಿಲ್ಲದೆ ಅಂದಾಜಿನಲ್ಲಿ ಹೊಡೆಯಲು ಬಿಡಬೇಡಿ, ಕೆಲವು ಸಲ ತಪ್ಪಿದರೆ ಸಿಸ್ಟಂ ಲಾಕ್ ಆಗಿ ಕಾಯಬೇಕಾಗುತ್ತದೆ.

ಕೆಲಸ ಮುಗಿದ ಮೇಲೆ ಎಷ್ಟು ಕೀ ನೋಂದಣಿ ಆಗಿವೆ ಎಂದು ಸ್ಕ್ಯಾನರಿನಲ್ಲಿ ತೋರಿಸಲು ಹೇಳಿ. ಆಮೇಲೆ ಗ್ಲಾಸ್ ಇಳಿಸಿಟ್ಟುಕೊಂಡು ಪ್ರತಿ ಕೀಯನ್ನೂ ಬ್ಲೇಡಿನಿಂದ ಬಾಗಿಲಲ್ಲಿ, ಇಗ್ನಿಷನ್ನಿನಲ್ಲಿ, ರಿಮೋಟಿನಲ್ಲಿ ನೋಡಿ. ಕೆಲವರು ಕ್ಲೋನ್ ಮಾಡಿಕೊಡುತ್ತಾರೆ, ಅಂದರೆ ಹಳೇ ಚಿಪ್ಪಿನ ನಕಲು. ಕೆಲಸವೇನೋ ಮಾಡುತ್ತದೆ, ಆದರೆ ಎರಡಕ್ಕೂ ಗುರುತು ಒಂದೇ ಆದ್ದರಿಂದ ನಾಳೆ ಒಂದು ಕಳೆದರೆ ಅದನ್ನು ಮಾತ್ರ ಅಳಿಸಲಾಗದು. ನನ್ನ ಮತ ಹೊಸ ನೋಂದಣಿಗೇ. ಕಳೆದ ಕೀ ಮೆಮೊರಿಯಿಂದ ಅಳಿಸಿದರೂ ಅದರ ಬ್ಲೇಡ್ ಬಾಗಿಲು ತೆರೆಯುತ್ತಲೇ ಇರುತ್ತದೆ, ಕಳುವಾಗಿದೆ ಎಂಬ ಅನುಮಾನವಿದ್ದರೆ ಲಾಕನ್ನೇ ಬದಲಿಸಬೇಕು.

ಸ್ಟಾರ್ಟ್ ಬಟನ್ ಗಾಡಿಯವರಿಗೆ ಒಂದು ಮಾತು: ಸೆಲ್ ಸತ್ತಿದ್ದರೆ ರಿಮೋಟನ್ನೇ ಬಟನ್ನಿಗೆ ತಾಗಿಸಿ ಸ್ಟಾರ್ಟ್ ಮಾಡಬಹುದಾದ ಮಾಡೆಲುಗಳು ಬಹಳ ಇವೆ. ನಿಮ್ಮದರಲ್ಲಿ ಎಲ್ಲಿ ತಾಗಿಸಬೇಕೆಂದು ಮ್ಯಾನುಯಲ್ಲಿನಲ್ಲಿ ಈಗಲೇ ನೋಡಿಡಿ. ಬಾಗಿಲಿನ ಪುಟ್ಟ ಕೀ ರಿಮೋಟಿನ ಒಳಗೇ ಇರುತ್ತದೆ.

ಇನ್ನು ಒಂದೂ ಕೀ ಇಲ್ಲದ ಸ್ಥಿತಿ. ಸ್ಟೇರಿಂಗ್ ಲಾಕ್ ಆಗಿರುತ್ತದೆ, ಹಗ್ಗ ಕಟ್ಟಿ ಜೀಪಿನಲ್ಲಿ ಎಳೆಯುವಂತಿಲ್ಲ. ಕಾರನ್ನೇ ಮೇಲೇರಿಸಿಕೊಂಡು ಒಯ್ಯುವ ಫ್ಲ್ಯಾಟ್‌ಬೆಡ್ ಲಾರಿ ಎಷ್ಟೋ ತೋಟದ ದಾರಿಗೆ ಇಳಿಯುವುದೇ ಇಲ್ಲ. ಕೀ ಮಾಡುವವರನ್ನೇ ಮೈಸೂರಿನಿಂದ ಕರೆಸಿದರೂ ಹಲವು ಸ್ಕ್ಯಾನರುಗಳಿಗೆ ಪಿನ್ ಹುಡುಕಲು ಇಂಟರ್ನೆಟ್ ಬೇಕು. ಭಾಗಮಂಡಲದ ಕಡೆಯ ತೋಟದೊಳಗೆ ಸಿಗ್ನಲ್ ಇದೆಯೇ ಎಂದು ಮೊದಲೇ ಹೇಳಿಬಿಡಿ, ಅವರು ಬಂದು ಬರಿಗೈಲಿ ಹೋಗುವುದು ತಪ್ಪುತ್ತದೆ. ಶೋರೂಂ ದಾರಿಯಾದರೆ ಚಾಸಿಸ್ ನಂಬರ್ ಕೊಟ್ಟು ಕೀ ತರಿಸಿಕೊಳ್ಳಲು ದಿನಗಳು ಹಿಡಿಯುತ್ತವೆ.

ಕೀ ಕಳೆದರೆ ಪೊಲೀಸರ ಲಾಸ್ಟ್ ರಿಪೋರ್ಟ್ ಮಾಡಿಸಿಡಿ. ಮುಂದೆ ಗಾಡಿಯೇ ಕಳುವಾದರೆ ವಿಮೆಯವರು ಎರಡೂ ಕೀ ಕೇಳುತ್ತಾರೆ, ಆಗ ಕಾಗದ ಬೇಕಾಗುತ್ತದೆ. ಪಾಲಿಸಿಯಲ್ಲಿ ಕೀ ರಿಪ್ಲೇಸ್‌ಮೆಂಟ್ ಆಡ್-ಆನ್ ಇದೆಯೇ ನೋಡಿ. ಹೊಸ ಗಾಡಿಯ ಜೊತೆ ಕೀ ನಂಬರ್ ಕೊರೆದ ಒಂದು ಸಣ್ಣ ಟ್ಯಾಗ್ ಬಂದಿದ್ದರೆ ಅದನ್ನು ಕೀ ಗೊಂಚಲಿಗೇ ನೇತುಹಾಕಬೇಡಿ. ಅದು ಮನೆಯ ಬೀರುವಿನಲ್ಲಿರಲಿ, ಅದರ ಫೋಟೊ ಇನ್ನೊಬ್ಬರ ಫೋನಿನಲ್ಲೂ ಇರಲಿ.