ಲಾಂಚ್ ತಪ್ಪಿತು ಮಾರಾಯರೇ!

ಸಾಗರ ತಾಲ್ಲೂಕಿನ ಹೊಳೆಯಾಚೆಯ ಜನರ ಬಳಿ ಸುಮಾರು ಆರು ದಶಕ ಕಾಲ ಒಂದು ಅಪೂರ್ವ ನೆಪವಿತ್ತು. ಅದಕ್ಕೆ ವೈದ್ಯರ ಚೀಟಿ ಬೇಕಿರಲಿಲ್ಲ, ಸಾಕ್ಷಿ ಬೇಕಿರಲಿಲ್ಲ. ಮದುವೆಗೆ ತಡವಾಗಲಿ, ಬ್ಯಾಂಕಿನ ಕಂತು ತಪ್ಪಲಿ, ಹೊಳೆ ದಾಟಿಸುವ ದೊಡ್ಡ ದೋಣಿಯ ಮೇಲೆ ಹಾಕಿ "ಲಾಂಚ್ ತಪ್ಪಿತು" ಎಂದರೆ ಎದುರಿನವರು ಬಾಯಿ ಮುಚ್ಚಲೇಬೇಕು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ನಿಂತಾಗ ಗದ್ದೆ, ತೋಟ, ರಸ್ತೆಗಳೆಲ್ಲ ಮುಳುಗಿದವು. ನಾಡಿಗೆ ವಿದ್ಯುತ್ ಸಿಕ್ಕಿತು, ಇವರಿಗೆ ಈ ನೆಪ ಸಿಕ್ಕಿತು. ವಿದ್ಯುತ್ತು ಇವರ ಮನೆಗಳಿಗೆ ಬಂದದ್ದು ಬಹಳ ತಡವಾಗಿ; ಬಹುಶಃ ಅದಕ್ಕೂ ಲಾಂಚ್ ತಪ್ಪಿರಬೇಕು.

ನನ್ನ ಮಾವನ ಮನೆ ಹೊಳೆಯಾಚೆಯ ತುಮರಿ ಕಡೆ. ಹಾಗಾಗಿ ಹೊಳೆಬಾಗಿಲಿನ ದಡದಲ್ಲಿ ಲಾಂಚಿಗೆ ಕಾಯುವ ಯೋಗ ನನಗೆ ಮದುವೆಯ ಜೊತೆಗೇ ಬಂತು. ಕರಾವಳಿಯ ಅಳಿವೆಗಳಲ್ಲಿ ಉಬ್ಬರ, ಇಳಿತ ದಿನಕ್ಕೆರಡು ಬಾರಿ; ನಮ್ಮ ಹಿನ್ನೀರಿನಲ್ಲಿ ವರ್ಷಕ್ಕೊಂದೇ ಬಾರಿ. ಒಳ್ಳೆಯ ಮಳೆಯಾದ ವರ್ಷ ನೀರು ಅಣೆಕಟ್ಟಿನ ಪೂರ್ಣಮಟ್ಟವಾದ, ಸಮುದ್ರಮಟ್ಟದಿಂದ 1819 ಅಡಿಯ ಗುರುತಿಗೆ ಏರುತ್ತದೆ. ಬೇಸಿಗೆಯಲ್ಲಿ ಇಳಿಯುತ್ತಾ ಹೋದಂತೆ ಲಾಂಚೂ ಅದರ ಹಿಂದೆಯೇ ಇಳಿಯುತ್ತಿತ್ತು, ಅದರ ಹಿಂದೆ ನಾವು, ಚಪ್ಪಲಿ ಕೈಯಲ್ಲಿ ಹಿಡಿದು.

ಮಾವನವರು ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದರು. ಬೆಂಗಳೂರಿನಲ್ಲಿರುವ ನನ್ನ ಷಡ್ಡಕ ಹೊಸ ಕಾರಿನಲ್ಲಿ ಬಂದಿದ್ದ. ಸಾಗರದಿಂದ ಪುರೋಹಿತರನ್ನು ಕರೆತರುವ ಜವಾಬ್ದಾರಿ ಅವನದು. ಕಾರಿನೊಳಗೆ ತಂಪಾಗಿದೆಯೆಂದು ಪುರೋಹಿತರು ಇಳಿಯಲೇ ಇಲ್ಲ. ನಾವು ಉಳಿದವರು ತೆಂಗಿನಕಾಯಿ ಚೀಲ, ಹೂವಿನ ಬುಟ್ಟಿಗಳೊಂದಿಗೆ ನಡೆದೇ ಲಾಂಚ್ ಹತ್ತಿದೆವು. ಆಮೇಲೆ ಬಸ್ಸು ಹತ್ತಿತು. ಒಂದು ಜೀಪು, ಅಡಿಕೆ ಮೂಟೆಗಳ ಪಿಕಪ್ಪು, ಮೂರು ಬೈಕು. ಷಡ್ಡಕನ ಕಾರಿನ ಮೂತಿ ಹಲಗೆಯ ಹತ್ತಿರ ಬರುವಷ್ಟರಲ್ಲಿ ಸಿಬ್ಬಂದಿ ಕೈ ಅಡ್ಡ ಹಿಡಿದು, "ಮುಂದಿನ ಟ್ರಿಪ್ಪಿಗೆ" ಎಂದ.

"ಒಳಗೆ ಪುರೋಹಿತರಿದ್ದಾರೆ!" ಎಂದು ಷಡ್ಡಕ ಕೂಗಿದ.

"ಅವರೂ ಮುಂದಿನ ಟ್ರಿಪ್ಪಿಗೆ."

ಹಲಗೆ ಮೇಲೆದ್ದಿತು. ಹೆಂಡತಿ, ಮಕ್ಕಳು, ಹೂವು, ಕಾಯಿ ನೀರಿನ ಮೇಲೆ. ಕಾರು, ಮಂತ್ರ, ಮುಹೂರ್ತ ದಡದ ಮೇಲೆ. ನಾದಿನಿ ಫೋನ್ ಮಾಡಲು ಹೊರಟಳು, ಫೋನು ಕಾರಿನಲ್ಲಿತ್ತು.

ಆಚೆ ಮನೆಯಲ್ಲಿ ಗಾಬರಿಯಾಗಿರಬಹುದೆಂದು ಓಡಿದೆವು. ಮಾವ ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕುತ್ತಿದ್ದರು. "ಲಾಂಚ್ ತಪ್ಪಿತೇನು? ಬರುತ್ತಾರೆ ಬಿಡಿ, ಅಡುಗೆಯವರೂ ಬಂದಿಲ್ಲ" ಎಂದರು. ಅಡುಗೆಯವರು, ಆಮೇಲೆ ತಿಳಿಯಿತು, ದಡದ ಹೋಟೆಲಿನಲ್ಲಿ ಪುರೋಹಿತರ ಪಕ್ಕದ ಬೆಂಚಿನಲ್ಲೇ ಚಹಾ ಕುಡಿಯುತ್ತಿದ್ದರು. ಮುಹೂರ್ತ ಮೀರಿ ಬಂದಿಳಿದ ಪುರೋಹಿತರು, ಹೊಳೆ ದಾಟಿ ಬರುವವರಿಗೆ ಶಾಸ್ತ್ರದಲ್ಲಿ ರಿಯಾಯಿತಿ ಇದೆಯೆಂದು ಘೋಷಿಸಿದರು. ಯಾವ ಶಾಸ್ತ್ರವೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಹಸಿವಾಗಿತ್ತು.

2025ರ ಜುಲೈ 14ರಂದು ಇದೇ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದದ ತೂಗುತಂತಿಗಳ ಸೇತುವೆ. ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದವರ ಪಾಡು ಕಂಡವರಾರೂ ಅದನ್ನು ಬೇಡವೆನ್ನಲಾರರು, ನಾನೂ ಅನ್ನುವುದಿಲ್ಲ.

ಆದರೆ ಅತ್ತೆಗೆ ಕಷ್ಟವಾಗಿದೆ. ಮೊದಲು ಲಾಂಚ್ ಆಚೆ ದಡ ಬಿಟ್ಟದ್ದು ಕಂಡ ಮೇಲೆ ಚಟ್ನಿಗೆ ಕಾಯಿ ತುರಿದರೂ ಸಾಕಿತ್ತು. ಈಗ ನೆಂಟರು ಹೇಳಿದ ಸಮಯಕ್ಕೇ ಬಂದುಬಿಡುತ್ತಾರೆ. ಕೆಲವರು ಹೇಳದೆಯೂ ಬರುತ್ತಾರೆ. ಊಟ ಮುಗಿಸಿ, "ಲಾಂಚಿಗೆ ಹೊತ್ತಾಯಿತು" ಎಂದು ಏಳುವವರೂ ಇಲ್ಲ. ಸಂಜೆಯ ಕಾಫಿ ದಾಟಿ ರಾತ್ರಿಯ ಊಟದವರೆಗೂ ಕೂರುತ್ತಾರೆ.

ಇನ್ನು ಮಾವನ ತೋಟದ ಕೊನೆಗಾರ, ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವ, ಔಷಧಿ ಹೊಡೆಯುವವ. ಇಷ್ಟು ವರ್ಷ ಔಷಧಿ ಹೊಡೆಯಲು ಬಾರದ ದಿನಗಳಿಗೆಲ್ಲ ಅವನದು ಒಂದೇ ಉತ್ತರವಾಗಿತ್ತು. ಸೇತುವೆಯಾದ ಮೇಲಾದರೂ ಸಮಯಕ್ಕೆ ಬಂದಾನೆಂದು ಮಾವ ಮೈಲುತುತ್ತ, ಸುಣ್ಣ ಎಲ್ಲ ತರಿಸಿಟ್ಟು ಕಾದರು. ಅವನು ನಾಲ್ಕು ದಿನ ಬಿಟ್ಟು ಬಂದ. ಸೇತುವೆಯ ಮೇಲೆ ಫೋಟೊ ತೆಗೆಯುವವರು ಕಾರು ಅಡ್ಡ ನಿಲ್ಲಿಸಿದ್ದರಂತೆ.

"ನಾಲ್ಕು ದಿನವೂ?" ಎಂದರು ಮಾವ.

"ಬೇರೆ ಬೇರೆ ಕಾರು ಹೆಗಡೇರೆ."