ಮಣ್ಣಿನ ಝುಮಕಿಗೆ ಇನ್ನೂರೈವತ್ತು ರೂಪಾಯಿ ಜಾಸ್ತಿ ಅಲ್ಲ

ಹೋದ ಭಾನುವಾರ ಸಂಜೆ ನಮ್ಮ ದಾವಣಗೆರೆಯ ಗಾಜಿನ ಮನೆ ಕಡೆ ಹೋಗಿದ್ದೆ. ನಮ್ಮ ಬೀದಿಯ ಹುಡುಗಿಯೊಬ್ಬಳು ರಸ್ತೆ ಪಕ್ಕ ಸಣ್ಣ ಟೇಬಲ್ ಹಾಕಿ, ತಾನೇ ಮಾಡಿದ ಮಣ್ಣಿನ ಓಲೆ, ಝುಮಕಿ, ಸರ ಜೋಡಿಸಿಕೊಂಡು ಕೂತಿದ್ದಳು. ನಾನು ಮಾತಾಡಿಸುತ್ತಿರುವಾಗಲೇ ಒಬ್ಬರು ಬಂದು ಒಂದು ಜೊತೆ ಝುಮಕಿ ಎತ್ತಿಕೊಂಡರು.

"ಎಷ್ಟಮ್ಮ ಇದು?"

"ಇನ್ನೂರೈವತ್ತು ಆಂಟಿ."

"ಮಣ್ಣಿಗೆ ಇನ್ನೂರೈವತ್ತಾ? ಚೌಕಿಪೇಟೆಗೆ ಹೋದ್ರೆ ಐವತ್ತಕ್ಕೆ ಕೊಡ್ತಾರೆ."

ಇಟ್ಟು ಹೋದರು. ಹುಡುಗಿ ಏನೂ ಅನ್ನಲಿಲ್ಲ. ಆ ಝುಮಕಿಯನ್ನು ಮೊದಲಿದ್ದ ಜಾಗದಲ್ಲೇ ನೇರವಾಗಿ ಇಟ್ಟಳು ಅಷ್ಟೇ. ನನಗೆ ಮಾತ್ರ ಮನೆಗೆ ಬಂದ ಮೇಲೂ ಹೊಟ್ಟೆ ಉರಿಯುತ್ತಿತ್ತು. ಹೋದವರ ಮೇಲೆ ಸಿಟ್ಟಲ್ಲ. ಅದು ಹೇಗೆ ಆಗುತ್ತದೆ ಅಂತ ಅವರು ನೋಡಿಲ್ಲ. ನಾನು ನೋಡಿದ್ದೇನೆ.

ಅವಳ ಮನೆ ಹಿತ್ತಲಲ್ಲಿ ಕೂತು ನೋಡಿದ್ದೇನೆ. ಮಣ್ಣನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಕಲ್ಲು, ಬೇರು ಒಂದೂ ಉಳಿಯದ ಹಾಗೆ ಮಾಡಿಕೊಳ್ಳುತ್ತಾಳೆ. ಆಮೇಲೆ ನಾದುವುದು. ಚಪಾತಿ ಹಿಟ್ಟಿಗಿಂತ ಎರಡು ಪಾಲು ಜಾಸ್ತಿ ನಾದಬೇಕು, ಒಳಗೆ ಗಾಳಿ ಉಳಿಯಬಾರದು. ಝುಮಕಿಯ ಗಂಟೆಯ ಆಕಾರವನ್ನು ಬೆರಳ ತುದಿಯಲ್ಲೇ ತಿದ್ದುತ್ತಾಳೆ. ಅದರ ಅಂಚಿಗೆ ಸಾಸಿವೆಗಿಂತ ಚೂರು ದೊಡ್ಡದಾದ ಗುಂಡುಗಳನ್ನು ಸೂಜಿಯ ತುದಿಯಲ್ಲಿ ಎತ್ತಿ ಒಂದೊಂದಾಗಿ ಅಂಟಿಸುತ್ತಾಳೆ. ಒಂದು ಝುಮಕಿಗೆ ಇಪ್ಪತ್ನಾಲ್ಕು. ನಾನೇ ಎಣಿಸಿದ್ದೇನೆ. ನಾಲ್ಕೈದು ದಿನ ನೆರಳಲ್ಲೇ ಒಣಗಬೇಕು, ಅವಸರ ಅಂತ ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಇಷ್ಟೆಲ್ಲ ಆದ ಮೇಲೂ ಒಳಗೆ ಎಲ್ಲೋ ಒಂಚೂರು ಹಸಿ ಉಳಿದಿದ್ದರೆ ಬೆಂಕಿಯಲ್ಲಿ ಪಟ್ ಅಂತ ಒಡೆಯುತ್ತದೆ. ಒಂದು ಹೋದರೆ ಅದರ ಜೊತೆಯದೂ ಕೂತಂತೆಯೇ.

ಬಣ್ಣದ ವಿಷಯ ಹೇಳಲೇಬೇಕು. ಅವಳ ಹತ್ತಿರ ಕೆಂಪು ಝುಮಕಿಯೂ ಇದೆ, ಕಪ್ಪು ಝುಮಕಿಯೂ ಇದೆ. ಎರಡೂ ಒಂದೇ ಮಣ್ಣು. ಗಾಳಿಯಾಡುವ ಹಾಗೆ ಸುಟ್ಟರೆ ಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ ಕೆಂಪಾಗುತ್ತದೆ. ಅದನ್ನೇ ಭತ್ತದ ಹೊಟ್ಟಿನ ಜೊತೆ ಡಬ್ಬದಲ್ಲಿ ತುಂಬಿ, ಗಾಳಿ ಹೋಗದಂತೆ ಮುಚ್ಚಳ ಮೆತ್ತಿ ಸುಟ್ಟರೆ ಹೊಗೆ ಕುಡಿದು ಕಪ್ಪಾಗುತ್ತದೆ. ಹೊಟ್ಟಿಗೆ ನಮ್ಮ ಕಡೆ ಬರವೇ? ಅಕ್ಕಿ ಗಿರಣಿಯಿಂದ ಒಂದು ಚೀಲ ತಂದರೆ ಅವಳಿಗೆ ತಿಂಗಳುಗಟ್ಟಲೆ ಆಗುತ್ತದೆ. ಪೇಂಟ್ ಇಲ್ಲ, ಪಾಲಿಶ್ ಇಲ್ಲ. ಡಬ್ಬ ತೆಗೆದು ಬೂದಿ ಕೊಡವಿದಾಗ ಆ ಕಪ್ಪಿನ ಹೊಳಪು ನೋಡಬೇಕು ನೀವು.

ಇನ್ನು ಐವತ್ತು ರೂಪಾಯಿಯ ಓಲೆ. ಮೂರು ವರ್ಷದ ಹಿಂದೆ ಒಂದು ದೊಡ್ಡ ಆನ್‌ಲೈನ್ ಅಂಗಡಿಯಿಂದ ಅಂಥದ್ದೇ ತರಿಸಿದ್ದೆ. ಎರಡೇ ದಿನಕ್ಕೆ ಕಿವಿ ಊದಿ ಕೀವಾಯಿತು. ನಿಕ್ಕಲ್ ಆಗಿಬರುವುದಿಲ್ಲ ಅಂದರು ಡಾಕ್ಟರು. ಅಗ್ಗದ ಒಡವೆಯ ಲೋಹದಲ್ಲಿ ನಿಕ್ಕಲ್ ಸಾಮಾನ್ಯ. ಚರ್ಮಕ್ಕೆ ತಾಗುವ ಒಡವೆಯಿಂದ ಎಷ್ಟು ನಿಕ್ಕಲ್ ಬಿಡಬಹುದು ಅಂತ ಯುರೋಪಿನವರು 1994ರಲ್ಲೇ ನಿಯಮ ಮಾಡಿದ್ದಾರೆ. ನಾನು ತರಿಸಿದ್ದರಲ್ಲಿ ಏನಿದೆ ಅಂತ ಕೇಳೋಣ ಅಂದರೆ ಕೇಳುವುದಾದರೂ ಯಾರನ್ನು? ಈ ಹುಡುಗಿಗೆ ಹೇಳಿದೆ, ನನ್ನ ಝುಮಕಿಗೆ ಬೆಳ್ಳಿಯ ಕೊಕ್ಕೆ ಹಾಕಿಕೊಟ್ಟಳು. ಬೆಳ್ಳಿಯ ದುಡ್ಡು ಬೇರೆ ಕೊಟ್ಟೆ. ಕಿವಿ ಚೆನ್ನಾಗಿದೆ.

ಕೈಯಲ್ಲಿ ಮಾಡಿದ್ದೆಲ್ಲ ಪರಿಸರಕ್ಕೆ ಒಳ್ಳೇದು ಅಂತ ನಾನು ಹೇಳುವುದಿಲ್ಲ. ರೇಷ್ಮೆ ದಾರದ ಬಳೆ ಅಂತ ಮಾರುತ್ತಾರಲ್ಲ, ಎಷ್ಟೋ ಸಲ ಒಳಗಿರುವುದು ಪ್ಲಾಸ್ಟಿಕ್ ಬಳೆ, ಮೇಲೆ ಸುತ್ತಿದ್ದು ರೇಷ್ಮೆಯೂ ಅಲ್ಲ. ಮಣ್ಣಿನ ಓಲೆಗೂ ಪ್ಲಾಸ್ಟಿಕ್ಕಿನದೇ ಆದ ಅಕ್ರಿಲಿಕ್ ಬಣ್ಣ ದಪ್ಪಗೆ ಬಳಿಯುವವರಿದ್ದಾರೆ. ಇಕೋ ಫ್ರೆಂಡ್ಲಿ ಅನ್ನುವ ಚೀಟಿ ಅಂಟಿಸುವುದಕ್ಕೆ ಏನು ಕಷ್ಟ? ನಾನು ಕೇಳುವುದು ಒಂದೇ ಪ್ರಶ್ನೆ: "ಮುರಿದರೆ ರಿಪೇರಿ ಮಾಡಿಕೊಡ್ತೀರಾ?"

ಈ ಪ್ರಶ್ನೆ ನನಗೆ ಬಂದಿದ್ದು ಅಮ್ಮನಿಂದ. ಅಮ್ಮನ ಗುಂಡಿನ ಸರದ ದಾರ ಸವೆದಾಗೆಲ್ಲ ಪಟವೇಗಾರರ ಹತ್ತಿರ ಹೋಗುತ್ತಿದ್ದೆವು. ಅವರು ಗುಂಡುಗಳನ್ನು ಬಿಚ್ಚಿ, ಎಣಿಸಿ ತೋರಿಸಿ, ನಮ್ಮ ಕಣ್ಣೆದುರೇ ಹೊಸ ದಾರಕ್ಕೆ ಪೋಣಿಸಿ ಗಂಟು ಹಾಕುತ್ತಿದ್ದರು. ದಾರ ಎಷ್ಟು ಸಲ ಬದಲಾಯಿತೋ, ಗುಂಡು ಅವೇ. ಹೋದ ಶ್ರಾವಣದಲ್ಲಿ ನನ್ನ ಒಂದು ಕಪ್ಪು ಝುಮಕಿ ಬಸ್ಸಿನಲ್ಲಿ ಬಿದ್ದುಹೋಯಿತು. ಹುಡುಗಿಗೆ ಹೇಳಿದರೆ, "ಇನ್ನೊಂದು ಇದೆಯಲ್ಲ ಅಕ್ಕ, ಅದನ್ನ ಕೊಟ್ಟಿರಿ, ನೋಡ್ಕೊಂಡು ಒಂದೇ ಮಾಡ್ತೀನಿ" ಅಂದಳು. ಹದಿನೈದು ದಿನಕ್ಕೆ ಕೊಟ್ಟಳು. ಬೇರೆ ಸಲ ಸುಟ್ಟಿದ್ದರಿಂದ ಅದರ ಕಪ್ಪು ಒಂಚೂರು ಗಾಢ. ಒಂದೇ ಒಂದು ಝುಮಕಿ ಮಾಡಿಕೊಡುವ ಅಂಗಡಿ ಇದ್ದರೆ ಹೇಳಿ.

ನಮ್ಮ ಸುತ್ತ ಎಂಥ ಸಾಮಾನಿದೆ ಗೊತ್ತಾ! ಚಳ್ಳಕೆರೆ ಕಂಬಳಿಯ ಹೆಗಲ ಚೀಲ ನೋಡಿದ್ದೇನೆ. ಕುರಿ ಉಣ್ಣೆ, ಹುಣಸೆ ಬೀಜದ ಗಂಜಿ, ಅಷ್ಟೇ. ಚನ್ನಗಿರಿ ಕಡೆ ಅಡಿಕೆ ಬೇಯಿಸಿದ ಚೊಗರು ಇದೆ. ಹತ್ತಿ ಬಟ್ಟೆಗೆ ಹಾಕಿದರೆ ಒಳ್ಳೆ ಕಂದುಗೆಂಪು ಬರುತ್ತದೆ. ಹೆಗ್ಗೋಡಿನ ಚರಕ ಅನ್ನುವ ಕೈಮಗ್ಗ ಸಂಘದ ಹೆಣ್ಣುಮಕ್ಕಳು ಆ ಬಣ್ಣದ ಬಟ್ಟೆಗೆ ಹೆಸರು ತಂದಿದ್ದಾರೆ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು. ಇಲ್ಲೂ ಆ ಬಣ್ಣದಲ್ಲಿ ಚೀಲ, ಪರ್ಸ್ ಮಾಡಬಹುದಲ್ವಾ? ಸೂರಗೊಂಡನಕೊಪ್ಪಕ್ಕೆ ಸೇವಾಲಾಲ್ ಜಾತ್ರೆಗೆ ಹೋದವರು ಲಂಬಾಣಿ ಅಜ್ಜಿಯರ ಕವಡೆ, ಕನ್ನಡಿ, ನಾಣ್ಯ ಸೇರಿಸಿ ಹೊಲಿದ ಕಸೂತಿ ನೋಡೇ ಇರುತ್ತೀರಿ. ಅದನ್ನು ಕಲಿತ ಹುಡುಗಿಯರು ಇನ್ನೂ ಇದ್ದಾರೆ, ಕೊಳ್ಳುವವರು ಬೇಕು.

ಸರ್ಕಾರದ ಮಾತಿಗೆ ಬಂದರೆ, 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆ ಒಳ್ಳೆಯದೇ. 18 ಕಸುಬಿನವರಿಗೆ ಉಪಕರಣಕ್ಕೆ 15,000 ರೂಪಾಯಿ, ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಶೇ. 5ರ ಬಡ್ಡಿಗೆ ಸಾಲ. ಅದರಲ್ಲಿ ಅಕ್ಕಸಾಲಿಗರಿದ್ದಾರೆ, ಕುಂಬಾರರಿದ್ದಾರೆ, ದರ್ಜಿಗಳಿದ್ದಾರೆ. ಆದರೆ ಮಣ್ಣಿನಲ್ಲಿ ಒಡವೆ ಮಾಡುವ ಇವಳು ಯಾರು? ಅರ್ಜಿಯಲ್ಲಿ ಯಾವ ಕಸುಬು ಅಂತ ಬರೆಯಬೇಕು? ಮನೆಯಲ್ಲಿ ಕೂತು ಹೊಸದಾಗಿ ಕಸುಬು ಕಟ್ಟಿಕೊಂಡವರಿಗೂ ಅಲ್ಲಿ ಹೆಸರಿಟ್ಟು ಒಂದು ಜಾಗ ಕೊಡಬೇಕು. ಒಂದು ಅನುಕೂಲ ಆಗಿದೆ. 2023ರ ಅಕ್ಟೋಬರ್ 1ರಿಂದ, ವರ್ಷಕ್ಕೆ 40 ಲಕ್ಷದೊಳಗೆ ವ್ಯಾಪಾರ ಮಾಡುವವರು ಜಿ.ಎಸ್.ಟಿ. ನೋಂದಣಿ ಇಲ್ಲದೆಯೂ ತಮ್ಮ ರಾಜ್ಯದೊಳಗೆ ಆನ್‌ಲೈನ್ ಮಾರಾಟ ತಾಣಗಳಲ್ಲಿ ಮಾರಬಹುದು. ಇದು ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತೇ ಇಲ್ಲ. ನಿಮ್ಮ ಗುರುತಿನವರಿದ್ದರೆ ದಯವಿಟ್ಟು ತಿಳಿಸಿ.

ಚೌಕಾಸಿ ನಾನೂ ಮಾಡುತ್ತೇನೆ, ತರಕಾರಿಯಿಂದ ಹಿಡಿದು ಸೀರೆವರೆಗೂ. ಆದರೆ ವಾರಗಟ್ಟಲೆ ಕೂತು ಹತ್ತು ಜೊತೆ ಮಾಡಿದವಳ ಹತ್ತಿರ ಬೇಡ. ಬೆಲೆಗಿಂತ ಅವಳಿಗೆ ಜಾಸ್ತಿ ಹೊಡೆತ ಕೊಡುವುದು ನಮ್ಮ ಅವಸರ. "ನಾಡಿದ್ದು ಫಂಕ್ಷನ್ ಇದೆ, ಐವತ್ತು ಪೀಸ್ ಬೇಕು" ಅಂತ ಬರುತ್ತಾರಂತೆ. ಮಣ್ಣು ಒಣಗುವುದಕ್ಕೇ ಅಷ್ಟು ದಿನ ಬೇಕಲ್ಲ. ಇಲ್ಲ ಅಂದರೆ ಆರ್ಡರ್ ಹೋಗುತ್ತದೆ, ಹೂಂ ಅಂದರೆ ಅರ್ಧಕ್ಕರ್ಧ ಒಡೆಯುತ್ತವೆ.

ನಮ್ಮಕ್ಕನ ಮಗಳ ಮದುವೆ ಇದೆ. ಬರುವ ಮುತ್ತೈದೆಯರಿಗೆ ಅರಿಶಿನ ಕುಂಕುಮದ ಜೊತೆ ಕೊಡೋಕೆ ಅರವತ್ತು ಜೊತೆ ಓಲೆ ಹೇಳಿದ್ದೇನೆ. ಎರಡು ತಿಂಗಳು ಟೈಮ್ ಕೊಟ್ಟು, ಅರ್ಧ ದುಡ್ಡು ಮುಂಗಡ ಕೊಟ್ಟು ಬಂದೆ. ನಿನ್ನೆ ಹೋಗಿ ನೋಡಿದೆ. ಮೊದಲ ಹನ್ನೆರಡು ಜೊತೆ ಅವಳ ಹಿತ್ತಲ ನೆರಳಿನಲ್ಲಿ ಮೊರದ ಮೇಲೆ ಒಣಗುತ್ತಿವೆ.